ಲಾಯದ ತುಂಟ

ನಮ್ಮ ಲಾಯದಲ್ಲಿ ಹುಟ್ಟಿದ ಗಂಡುಮರಿಗೆ ಎರಡು ತಿಂಗಳಾಗುವ ಹೊತ್ತಿಗೆ, ಕಣ್ಣಿಗೆ ಬಿದ್ದುದನ್ನೆಲ್ಲ ಕಚ್ಚಿ ನೋಡದೆ ಬಿಡಬಾರದೆಂಬ ಹಟ ಅದಕ್ಕೆ ಹತ್ತಿತ್ತು. ಕುದುರೆಮರಿಗೆ ಮುಂದಿನ ಮೊದಲ ಜೋಡಿ ಹಾಲುಹಲ್ಲುಗಳು ಹುಟ್ಟಿದ ಸುಮಾರು ಒಂದು ವಾರಕ್ಕೇ ಮೂಡುತ್ತವೆ, ಅವುಗಳ ಪಕ್ಕದ ಜೋಡಿ 6ರಿಂದ 8 ವಾರಗಳಲ್ಲಿ ಬರುತ್ತದೆ. ಹೀಗೆ ಸಜ್ಜಾದ ಬಾಯಿಗೆ ಅಂಗಿಯ ತೋಳು, ಬಕೆಟ್ಟಿನ ಕಂಠ, ಬಾಗಿಲ ಚಿಲಕ ಯಾವುದೂ ವರ್ಜ್ಯವಾಗಿರಲಿಲ್ಲ. ನಾನು ಲದ್ದಿ ಬಾಚುತ್ತಿದ್ದರೆ ಹಿಂದಿನಿಂದ ಬಂದು ಪೊರಕೆ ಕಸಿದುಕೊಂಡು ಓಡುವುದು, ನಾಲ್ಕು ಹೆಜ್ಜೆ ಹೋಗಿ ನಾನು ಅಟ್ಟಿಸಿಕೊಂಡು ಬರುತ್ತೇನೋ ಇಲ್ಲವೋ ಎಂದು ತಿರುಗಿ ನೋಡುವುದು ಅದರ ನಿತ್ಯದ ಆಟ. ನಾನು ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಹೋದರೆ ಆಟಕ್ಕೆ ಒಪ್ಪಿಗೆ ಕೊಟ್ಟಂತೆ.

ಒಂದು ಬೆಳಿಗ್ಗೆ ಅದರ ಹೆಗಲ ಮೇಲೆ, ಜೂಲು ಮುಗಿಯುವ ಕಡೆ, ಬೆರಳಿನಿಂದ ಕೆರೆಯುತ್ತಿದ್ದೆ. ಮರಿ ಕುತ್ತಿಗೆ ಚಾಚಿ, ಮೇಲ್ದುಟಿಯನ್ನು ಮುಂದಕ್ಕೆ ನೀಡಿ ಅದುರಿಸುತ್ತ ಸುಖಪಡುತ್ತಿತ್ತು. ಮರುಕ್ಷಣವೇ ತಲೆ ಹೊರಳಿಸಿ ನನ್ನ ತೋಳನ್ನು ಹಲ್ಲಿನಿಂದ ಚಿವುಟಿತು. ಕುದುರೆಗಳು ಎದುರುಬದುರು ನಿಂತು ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದಲೇ ಕೆರೆದುಕೊಡುವುದರಿಂದ, ಪಡೆದ ಉಪಕಾರವನ್ನು ಅದು ಅಲ್ಲಿಯೇ ತೀರಿಸಿತ್ತು. ಈ ಸೌಜನ್ಯವನ್ನು ನಮ್ಮ ಚರ್ಮ ತಾಳಲಾರದು. ಮೂತಿಗೆ ಹೊಡೆದರೆ ಮರಿ ಅದನ್ನೂ ಆಟವೆಂದುಕೊಳ್ಳುತ್ತದೆ, ಇಲ್ಲವೇ ಕೈ ಕಂಡರೆ ತಲೆ ಎಗರಿಸುವ ಚಾಳಿ ಕಲಿಯುತ್ತದೆ. ಆದ್ದರಿಂದ ಅಂದಿನಿಂದ ಅದರ ತಲೆ ನನ್ನತ್ತ ಹೊರಳಿದೊಡನೆ ಕೆರೆಯುವುದನ್ನು ನಿಲ್ಲಿಸಿ, ಅಂಗೈಯಿಂದ ದವಡೆಯನ್ನು ಆಚೆ ಸರಿಸಿ, ಮುಖ ನೆಟ್ಟಗಾದ ಮೇಲೆಯೇ ಮುಂದುವರಿಸುವ ಪದ್ಧತಿ ಇಟ್ಟುಕೊಂಡೆ.

ಆದರೆ ಅಂದು ಅದು ಅಷ್ಟಕ್ಕೇ ನಿಲ್ಲದೆ, ಹಿಂಗಾಲಿನ ಮೇಲೆ ಎದ್ದು ಮುಂಗಾಲುಗಳನ್ನು ನನ್ನ ಭುಜದತ್ತ ಎತ್ತಿತು. ಸಾಮಾನ್ಯವಾಗಿ ಮರಿಯ ಹುಟ್ಟುತೂಕ ತಾಯಿಯ ತೂಕದ ಹತ್ತನೆಯ ಒಂದು ಭಾಗದಷ್ಟಿರುತ್ತದೆ. ಮೈ ಇನ್ನೂ ಹಗುರವಾಗಿರುವ ಈ ವಯಸ್ಸಿನಲ್ಲಿ ನೋಡಿದವರು ನಕ್ಕು ಮುದ್ದಾಡುವ ಇದೇ ಆಟ, ಬೆಳೆದ ಕುದುರೆ ಆಡಿದರೆ ಮನುಷ್ಯನ ಎಲುಬು ಮುರಿಯುತ್ತದೆ. ನಗುವವರ ಮೇಲೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೇ. ನಾನು ಹಿಂದೆ ಸರಿಯದೆ, ಎರಡೂ ಕೈ ಮೇಲೆತ್ತಿ, ಗದರುತ್ತ ಅದರ ಪಕ್ಕಕ್ಕೆ ಒಂದು ಹೆಜ್ಜೆ ಮುಂದಿಟ್ಟೆ. ಮರಿ ಕೆಳಗಿಳಿದು ತಾಯಿಯ ಮರೆಗೆ ಓಡಿ, ಅಲ್ಲಿಂದ ಕತ್ತು ಚಾಚಿ ದವಡೆಗಳನ್ನು ಪಟಪಟನೆ ಆಡಿಸಿತು. ಮರಿಗಳು ಹಿರಿಯ ಕುದುರೆಗಳೆದುರು ‘ನಾನಿನ್ನೂ ಚಿಕ್ಕವನು’ ಎಂದು ತೋರುವ ಬಗೆ ಅದು.

ಸ್ವಲ್ಪ ಹೊತ್ತಿಗೆ ಅದು ಹಾಲು ಕುಡಿಯುತ್ತ ಕೆಚ್ಚಲನ್ನೇ ಕಚ್ಚಿತು. ತಾಯಿ ಮೊದಲು ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲ ಬೀಸಿ ಎಚ್ಚರಿಸಿತು. ಮರಿ ಕೇಳದಿದ್ದಾಗ ಅದರ ಪೃಷ್ಠಕ್ಕೆ ಒಮ್ಮೆ ಹಲ್ಲು ತಾಗಿಸಿ, ಕ್ಷಣದಲ್ಲೇ ಶಾಂತವಾಗಿ ಮತ್ತೆ ಕುಡಿಯಲು ಬಿಟ್ಟಿತು. ಶಿಕ್ಷೆಗೆ ಮುನ್ನ ಎಚ್ಚರಿಕೆ, ಶಿಕ್ಷೆಯ ನಂತರ ಮುನಿಸಿಲ್ಲದಿರುವಿಕೆ, ಇಷ್ಟೇ ಅದರ ಕ್ರಮ. ಗೊರಸು ಎತ್ತಿಸುವ ಅಭ್ಯಾಸದಲ್ಲಿಯೂ ನಾನು ಅದನ್ನೇ ಅನುಸರಿಸಿದೆ: ಕಾಲು ಕಿತ್ತುಕೊಳ್ಳಲು ಒದ್ದಾಡಿದಾಗ ಬಿಡದೆ, ಸಡಿಲಗೊಂಡ ಕ್ಷಣವೇ ಇಳಿಸಿ ಬಿಡುವುದು. ನಡೆಸುವಾಗ ಮುಖದ ಹಗ್ಗವನ್ನು ಜಗ್ಗಿದರೆ ಮರಿ ಹಿಂದಕ್ಕೆ ಎಳೆದು ಮಗುಚಿಬೀಳುವ ಅಪಾಯವಿರುವುದರಿಂದ, ತೊಡೆಯ ಹಿಂದೆ ಇನ್ನೊಂದು ಹಗ್ಗ ಬಳಸಿ ಮುಂದಕ್ಕೆ ಒತ್ತುತ್ತಿದ್ದೆ.

ಹಾಲು ಬಿಡಿಸುವ ಕಾಲ ಸಾಮಾನ್ಯವಾಗಿ 4ರಿಂದ 6 ತಿಂಗಳು. ಅದಕ್ಕೂ ಮೊದಲೇ ಅದೇ ವಯಸ್ಸಿನ ಇನ್ನೊಂದು ಮರಿಯನ್ನು ಬಯಲಿನಲ್ಲಿ ಜೊತೆಗೆ ಬಿಟ್ಟೆವು; ಕಚ್ಚಿದ ಕೂಡಲೇ ತಿರುಗಿ ಕಚ್ಚಿಸಿಕೊಳ್ಳುವ ಗೆಳೆತನ ಸಿಕ್ಕ ಮೇಲೆ ನನ್ನ ತೋಳಿನ ಮೇಲಿನ ಆಸಕ್ತಿ ಬಹಳ ಮಟ್ಟಿಗೆ ಕಡಿಮೆಯಾಯಿತು.