ಸಿನಿಮಾವನ್ನು ಸುಮ್ನೆ ಸಿನಿಮಾ ಅಂತ ನೋಡೋಕೆ ಆಗಲ್ವಾ?

ಸಿನಿಮಾ ವಿಮರ್ಶೆ ಬರೆಯೋದು ನನ್ನ ಕೆಲಸ. ಕಥೆ, ನಟನೆ, ಹಾಡುಗಳ ಜೊತೆಗೆ ಜಾತಿ, ಮೈಬಣ್ಣ, ಹೆಣ್ಣು-ಗಂಡು, ಉಳ್ಳವರು-ಇಲ್ಲದವರ ಮಾತೂ ನನ್ನ ಬರಹದಲ್ಲಿ ಬರುತ್ತದೆ. ಹಾಗಾಗಿ ಸಿಕ್ಕವರೆಲ್ಲ ಕೇಳೋದು ಒಂದೇ ಪ್ರಶ್ನೆ. "ಸಿನಿಮಾವನ್ನು ಸುಮ್ನೆ ಸಿನಿಮಾ ಅಂತ ನೋಡೋಕೆ ಆಗಲ್ವಾ ನಿಮಗೆ? ಯಾಕೆ ಮೊಸರಲ್ಲಿ ಕಲ್ಲು ಹುಡುಕ್ತೀರಿ?"

ನಾನು ನೋಡೋದು ಸಿನಿಮಾವನ್ನೇ. ಕ್ಯಾಮೆರಾ ಎಲ್ಲಿ ನಿಂತಿದೆ, ಸಂಗೀತ ಯಾರ ಪರವಾಗಿದೆ, ಯಾರು ಮಾತಾಡುವಾಗ ದೃಶ್ಯವನ್ನು ಕತ್ತರಿಸುತ್ತಾರೆ ಅಂತ ಗಮನಿಸುತ್ತಾ ಹೋದರೆ ನ್ಯಾಯದ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ಕೂರುತ್ತದೆ. ನಾನೇನೂ ಅದನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ.

ಕೆನ್ನೆಗೆ ಹೊಡೆಯುವ ಒಂದು ದೃಶ್ಯ ತೆಗೆದುಕೊಳ್ಳಿ. ನಾಯಕ ಹೆಂಡತಿಗೆ ಹೊಡೆಯುತ್ತಾನೆ. ತೋರಿಸಿದರಲ್ಲಾ ಅಂತ ನನಗೆ ಸಿಟ್ಟಿಲ್ಲ. ಕೆಟ್ಟದ್ದನ್ನು ತೋರಿಸದೆ ಕಥೆ ಹೇಳೋದು ಹೇಗೆ? ನಾನು ಕಾಯೋದು ಮುಂದಿನ ಶಾಟ್‌ಗೆ. ಕ್ಯಾಮೆರಾ ಅವಳ ಮುಖದ ಮೇಲೆ ನಿಂತರೆ ಒಂದು ಅರ್ಥ. ಅವನ ಒದ್ದೆ ಕಣ್ಣುಗಳ ಕಡೆ ತಿರುಗಿ, ಹಿನ್ನೆಲೆಯಲ್ಲಿ ಪಿಟೀಲು ಶುರುವಾದರೆ ಅರ್ಥವೇ ಬೇರೆ. ಪಾಪ, ಅವನಿಗೂ ಎಷ್ಟು ನೋವಿದೆ ನೋಡಿ ಅಂತ ಸಿನಿಮಾ ನಮ್ಮನ್ನು ಕೇಳಿಕೊಳ್ಳುತ್ತಿದೆ. ಇದಕ್ಕೆ ಒಂದು ಸಾಲು ಸಂಭಾಷಣೆಯೂ ಬೇಕಿಲ್ಲ. ಆಮೇಲೆ ಅವಳು ಆ ಏಟಿನ ಬಗ್ಗೆ ಮಾತಾಡುತ್ತಾಳಾ, ಅಥವಾ ಹಾಡು ಬಂದು ಎಲ್ಲ ಮರೆತುಹೋಗುತ್ತದಾ? ಇದೆಲ್ಲ ನಿರ್ದೇಶಕರು ಕೂತು ಮಾಡಿದ ಆಯ್ಕೆಗಳು. ಆಯ್ಕೆಗಳನ್ನು ಪ್ರಶ್ನಿಸೋದೇ ವಿಮರ್ಶೆ, ಅಲ್ವಾ?

"ಮೇಕಿಂಗ್ ಸೂಪರ್, ವಿಷಯ ಮಾತ್ರ ಸ್ವಲ್ಪ ಹಾಗೆ" ಅನ್ನೋ ಮಾತು ಚೆನ್ನಾಗಿ ಓಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. 1915ರಲ್ಲಿ ಅಮೆರಿಕದ ನಿರ್ದೇಶಕ ಡಿ.ಡಬ್ಲ್ಯೂ. ಗ್ರಿಫಿತ್ ಮಾಡಿದ 'ದಿ ಬರ್ತ್ ಆಫ್ ಎ ನೇಷನ್' ನೋಡಿ. ಎಡಿಟಿಂಗ್ ಕಲಿಯುವವರಿಗೆ ಇವತ್ತಿಗೂ ಅದರ ಬಗ್ಗೆ ಪಾಠ ಇರುತ್ತದೆ. ಕೊನೆಯಲ್ಲಿ ಒಂದು ಗುಡಿಸಲು. ಒಳಗೆ ಹೆದರಿದ ಬಿಳಿಯರು, ಸುತ್ತ ಕಪ್ಪು ಸೈನಿಕರು. ಅತ್ತ ಕುದುರೆ ಏರಿ ಬರುತ್ತಿರುವ ಕೂ ಕ್ಲಕ್ಸ್ ಕ್ಲಾನ್. ಇಲ್ಲಿ ಒಂದು ಶಾಟ್, ಅಲ್ಲಿ ಒಂದು ಶಾಟ್, ಮತ್ತೆ ಇಲ್ಲಿ. ಅಯ್ಯೋ ಬೇಗ ಬರಲಿ ಅಂತ ಅನ್ನಿಸಲೇಬೇಕು, ಹಾಗೆ ಕತ್ತರಿಸಿ ಜೋಡಿಸಿದ್ದಾರೆ. ಬರಬೇಕಾಗಿರೋದು ಯಾರು? ಕಪ್ಪು ಜನರನ್ನು ಬೆದರಿಸಿ, ಕೊಂದ ಗುಂಪು! ಮುಖ್ಯ ಕಪ್ಪು ಪಾತ್ರಗಳನ್ನು ಮಾಡಿದವರೂ ಮುಖಕ್ಕೆ ಬಣ್ಣ ಬಳಿದುಕೊಂಡ ಬಿಳಿ ನಟರೇ. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಗಲೇ ಪ್ರತಿಭಟಿಸಿತ್ತು. ಹಿಂದಿನ ಶತಮಾನದಲ್ಲೇ ಅಡಗಿಹೋಗಿದ್ದ ಕ್ಲಾನ್ ಅದೇ ವರ್ಷ ಮತ್ತೆ ಹುಟ್ಟಿತು. ಮುಂದೆ ಸದಸ್ಯರನ್ನು ಸೇರಿಸಿಕೊಳ್ಳಲು ಇದೇ ಸಿನಿಮಾವನ್ನು ತೋರಿಸಿತು. ಎಡಿಟಿಂಗ್ ಅಷ್ಟು ಚೆನ್ನಾಗಿಲ್ಲದಿದ್ದರೆ ಹಾನಿಯೂ ಕಡಿಮೆಯಾಗುತ್ತಿತ್ತು. ಹಾಗಿರುವಾಗ ಅದನ್ನು ಬೇರೆ ಹೊಗಳಿ, ವಿಷಯವನ್ನು ಬೇರೆ ಬೈಯೋದು ಹೇಗೆ?

ತಿರುವು-ಮುರುವಾದ ಉದಾಹರಣೆಯೂ ಇದೆ. ಸೆನೆಗಲ್‌ನ ಉಸ್ಮಾನ್ ಸೆಂಬೆನ್ 1966ರಲ್ಲಿ 'ಬ್ಲ್ಯಾಕ್ ಗರ್ಲ್' ಮಾಡಿದರು. ಮಕ್ಕಳನ್ನು ನೋಡಿಕೊಳ್ಳೋ ಕೆಲಸ ಅಂದುಕೊಂಡು ಫ್ರಾನ್ಸ್‌ಗೆ ಹೋದ ದಿಯುವಾನಾ ಅಲ್ಲಿ ಅಡುಗೆ, ಕಸ-ಮುಸುರೆಯ ಆಳಾಗುತ್ತಾಳೆ. ಯಜಮಾನರ ಎದುರು ಅವಳದು ಒಂದೆರಡು ಪದದ ಉತ್ತರ. ಅವರ ಕಣ್ಣಿಗೆ ಅವಳು ಮೂಗಿ, ಸೋಮಾರಿ. ನಮಗೆ ಮಾತ್ರ ಅವಳ ಮನಸ್ಸಿನೊಳಗಿನ ದನಿ ಉದ್ದಕ್ಕೂ ಕೇಳುತ್ತಿರುತ್ತದೆ. ಸಿಟ್ಟು, ಆಸೆ, ಲೆಕ್ಕಾಚಾರ, ಎಲ್ಲ. ಮನೆಯೊಳಗೆ ಯಾರೂ ಕೇಳದ ಮಾತನ್ನು ಸಿನಿಮಾ ನಮಗೆ ಕೇಳಿಸುತ್ತದೆ. ಭಾಷಣವಿಲ್ಲ, ಬರೀ ಧ್ವನಿಮುದ್ರಣದ ಒಂದು ನಿರ್ಧಾರ. ಸುಮಾರು ಒಂದು ಗಂಟೆಯ ಚಿತ್ರ, ಸಿಕ್ಕರೆ ನೋಡಿ.

ಭಾಷಣ ಅಂದೆನಲ್ಲ. "ಹಾಗಾದ್ರೆ ಸಂದೇಶ ಇದ್ದರೆ ಸಾಕು, ನೀವು ಹೊಗಳ್ತೀರಿ" ಅನ್ನೋರೂ ಇದ್ದಾರೆ. ಇಲ್ಲಪ್ಪ! ಸಂದೇಶದ ಸಿನಿಮಾಗಳ ಮೇಲೇ ನನ್ನ ಜಗಳ ಜಾಸ್ತಿ. ಎಲ್ಲಿಂದಲೋ ಬರುವ ಒಬ್ಬ ಓದಿದ ನಾಯಕ. ಅನ್ಯಾಯ ಅನುಭವಿಸಿದವರಿಗೆ ಅಳೋದು, ಕೈ ಮುಗಿಯೋದು ಬಿಟ್ಟರೆ ಕೆಲಸವಿಲ್ಲ. ಅವರ ಪರವಾಗಿ ನಾಯಕ ಕೋರ್ಟಿನಲ್ಲೋ ಪೊಲೀಸ್ ಠಾಣೆಯಲ್ಲೋ ಉದ್ದುದ್ದ ಮಾತಾಡುತ್ತಾನೆ, ಚಪ್ಪಾಳೆ ಬೀಳುತ್ತದೆ. ಗುಡಿಸಲು ಉರಿಯುವುದನ್ನು ಡ್ರೋನ್‌ನಲ್ಲಿ, ಸ್ಲೋ ಮೋಷನ್‌ನಲ್ಲಿ, ಕಣ್ಣಿಗೆ ಹಬ್ಬದಂತೆ ತೋರಿಸುತ್ತಾರೆ. ಇಂಥ ಚಿತ್ರಕ್ಕೆ ವಿಷಯ ಒಳ್ಳೆಯದು ಅಂತ ರಿಯಾಯಿತಿ ಕೊಡಲು ನನಗೆ ಮನಸ್ಸಾಗುವುದಿಲ್ಲ. ನಿರ್ಮಾಪಕರ ಕಡೆಯವರಿಂದ ಬೇಸರದ ಫೋನ್ ಬರೋದೂ ಜಾಸ್ತಿ ಇಂಥವಕ್ಕೇ. "ನಿಮ್ಮಂಥವರೇ ಸಪೋರ್ಟ್ ಮಾಡದಿದ್ರೆ ಹೇಗೆ ಸಾರ್?"

ಪರೀಕ್ಷೆಗಳ ಪಟ್ಟಿ ಹಿಡಿದು ಟಿಕ್ ಹಾಕುತ್ತೀರಾ ಅಂತಲೂ ಕೇಳುತ್ತಾರೆ. ಆಲಿಸನ್ ಬೆಕ್ಡೆಲ್ 1985ರ ಒಂದು ಕಾಮಿಕ್‌ನಲ್ಲಿ ತಮಾಷೆಯಾಗಿ ಬರೆದ ಪರೀಕ್ಷೆ ಹೆಸರುವಾಸಿ. ಚಿತ್ರದಲ್ಲಿ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಇರಬಾರದು. ಇಷ್ಟೂ ಇಲ್ಲದ ಸಿನಿಮಾಗಳೇ ರಾಶಿ ಇವೆ ಅಂತ ತೋರಿಸಲು ಅದು ಚೆನ್ನ. ಆದರೆ ಹೆಚ್ಚುಕಮ್ಮಿ ಒಬ್ಬಳೇ ಹೆಣ್ಣು ಹೊತ್ತು ನಡೆಸುವ 'ಗ್ರಾವಿಟಿ' ಇದರಲ್ಲಿ ಫೇಲು. ಅಳತೆಪಟ್ಟಿ ಇಟ್ಟುಕೊಂಡು ವಿಮರ್ಶೆ ಬರೆಯೋಕಾಗಲ್ಲ.

ನಾನು ಮಾಡೋದು ಇಷ್ಟು. ಯಾರಿಗೆ ಹೆಸರಿದೆ, ಯಾರಿಗಿಲ್ಲ ಅಂತ ಕತ್ತಲಲ್ಲೇ ಗೀಚಿಕೊಳ್ಳುತ್ತೇನೆ. ಕೊನೆಯ ಹೆಸರುಗಳು ಓಡಿ ಮುಗಿಯುವವರೆಗೂ ಕೂರುತ್ತೇನೆ. ನನಗೆ ಹತ್ತಿರದಿಂದ ಗೊತ್ತಿಲ್ಲದ ಬದುಕಿನ ಕಥೆಯಾದರೆ, ಬರೆಯುವ ಮೊದಲು ಆ ಬದುಕಿನವರ ಜೊತೆ ಮಾತಾಡುತ್ತೇನೆ. ಸೆಟ್‌ನಲ್ಲಿ ಹೀಗಾಯಿತಂತೆ, ಹಾಗಾಯಿತಂತೆ ಅನ್ನೋದನ್ನು ವಿಮರ್ಶೆಗೆ ಬೆರೆಸುವುದಿಲ್ಲ. ಅದು ವಿಚಾರಿಸಿ, ಎರಡೂ ಕಡೆಯವರ ಮಾತು ಕೇಳಿ ಬರೆಯಬೇಕಾದ ಸುದ್ದಿ.

ಇನ್ನು "ಸುಮ್ನೆ ಸಿನಿಮಾ" ಅನ್ನೋ ಮಾತು. ಮಲಯಾಳಂನ ಮೊದಲ ಕಥಾಚಿತ್ರ 'ವಿಗತಕುಮಾರನ್'ನ ನಾಯಕಿ ಪಿ.ಕೆ. ರೋಸಿ. ಆಕೆ ದಲಿತ ಹೆಣ್ಣುಮಗಳು, ಮಾಡಿದ್ದು ನಾಯರ್ ಹೆಣ್ಣಿನ ಪಾತ್ರ. ಮೇಲ್ಜಾತಿಯ ಪ್ರೇಕ್ಷಕರು ರೊಚ್ಚಿಗೆದ್ದು ಪರದೆಗೆ ಕಲ್ಲು ತೂರಿದರು. ಆಕೆ ಊರು ಬಿಟ್ಟು ಹೋಗಬೇಕಾಯಿತು, ಮತ್ತೆ ನಟಿಸಲಿಲ್ಲ. ಆ ಚಿತ್ರದ ಪ್ರತಿಯೂ ಉಳಿದಿಲ್ಲ. ಕಲ್ಲು ಎಸೆದವರಿಗೆ ಅದು ಸುಮ್ನೆ ಸಿನಿಮಾ ಆಗಿರಲಿಲ್ಲವಲ್ಲ? ಪರದೆ ಮೇಲೆ ಯಾರು ಯಾವ ಜಾಗದಲ್ಲಿ ನಿಲ್ಲಬೇಕು ಅನ್ನೋ ಜಗಳ ಶುರು ಮಾಡಿದ್ದು ವಿಮರ್ಶಕರಲ್ಲ.

ಸಿನಿಮಾ ನೋಡಿ ಖುಷಿಪಡೋಕೆ ಆಗುತ್ತಾ ಅಂತೀರಾ? ಚೆನ್ನಾಗಿಯೇ ಆಗುತ್ತದೆ. ಹಾಸ್ಯ ಚೆನ್ನಾಗಿದ್ದರೆ ಪಕ್ಕದವರಿಗೆ ಮುಜುಗರವಾಗುವಷ್ಟು ನಗುತ್ತೇನೆ. ದಪ್ಪಗಿದ್ದಾರೆ, ಕಪ್ಪಗಿದ್ದಾರೆ, ತೊದಲುತ್ತಾರೆ ಅನ್ನೋದೇ ಜೋಕು ಅಂತಾದರೆ ನಗು ಬರಲ್ಲ. ಅದು ಜೋಕು ಬರೆದವರ ಸೋಮಾರಿತನ. ಹಾಗಂತಲೇ ಬರೆಯುತ್ತೇನೆ. ನೋಡಬಹುದಾ ಬೇಡವಾ ಅಂತಷ್ಟೇ ತಿಳಿಯಬೇಕಾದವರಿಗೆ ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿರುತ್ತೇನೆ. ಉಳಿದದ್ದು ಸಿನಿಮಾ ನೋಡಿ ಬಂದಮೇಲೆ ಓದಿ, ಜಗಳಕ್ಕೆ ಬನ್ನಿ.