ಥೈರಾಯ್ಡ್ ಗಂಟು, ಟೈರಾಡ್ಸ್ ನಂಬರ್ರು

ಥೈರಾಯ್ಡಲ್ಲಿ ಗಂಟಿದೆ ಅಂದ್ರೆ ಸಾಕು, ಎಲ್ರೂ ಕ್ಯಾನ್ಸರ್ರೇ ಅಂದ್ಕೊಂಡು ರಾತ್ರಿಯೆಲ್ಲಾ ಗೂಗಲ್ ಮಾಡ್ತಾ ಕೂರ್ತಾರೆ, ಆದ್ರೆ ಹೆಚ್ಚಿನವು ಏನೂ ತೊಂದ್ರೆ ಕೊಡದ ಗಂಟುಗಳೇ. ನಮ್ಮ ದೊಡ್ಡಮ್ಮನ ರಿಪೋರ್ಟಲ್ಲಿ "ಟೈರಾಡ್ಸ್ 3, 1.8 ಸೆಂ.ಮೀ." ಅಂತಿತ್ತು, ಮನೇಲಿ ಎಲ್ರಿಗೂ 3 ಅಂದ್ರೆ ಮೂರನೇ ಸ್ಟೇಜು ಅಂತ ಗಾಬರಿ! ಅಲ್ಲ ಮಾರಾಯ್ರೇ, ಅದು ಅಮೆರಿಕದ ರೇಡಿಯಾಲಜಿ ಕಾಲೇಜಿನವ್ರು 2017ರಲ್ಲಿ ತಂದ ಪಾಯಿಂಟ್ಸ್ ಲೆಕ್ಕ, ಪಾಯಿಂಟ್ಸ್ ಕೂಡಿಸಿ ಗಂಟಿಗೆ 1ರಿಂದ 5ರವರೆಗೆ ಒಂದು ಟೈರಾಡ್ಸ್ ನಂಬರ್ ಕೊಡ್ತಾರೆ, ಪಾಯಿಂಟ್ ಏರಿದಷ್ಟೂ ಕ್ಯಾನ್ಸರ್ ಅನುಮಾನ ಜಾಸ್ತಿ, ಅಷ್ಟೇ.

ಅಲ್ಟ್ರಾಸೌಂಡಲ್ಲಿ ಡಾಕ್ಟ್ರು ನೋಡೋದು ಗಂಟಲ್ಲಿ ನೀರಿದ್ಯಾ ಗಟ್ಟಿಯಾಗಿದ್ಯಾ, ಸುತ್ತಲಿನ ಥೈರಾಯ್ಡ್‌ಗಿಂತ ಕಪ್ಪಗೆ ಕಾಣ್ತಿದ್ಯಾ, ಅಂಚು ನೀಟಾಗಿದ್ಯಾ ಇಲ್ಲಾ ಅಂಕುಡೊಂಕಾ ಅಂತ. ಪೂರ್ತಿ ನೀರು ತುಂಬಿದ್ರೆ ಅಥವಾ ಒಳಗೆಲ್ಲಾ ಸಣ್ಣ ಸಣ್ಣ ತೂತಿದ್ರೆ ನಿರಾಳ. ಅಗಲಕ್ಕಿಂತ ಎತ್ತರ ಜಾಸ್ತಿ ಇದ್ರೆ ಮಾತ್ರ ಒಂದೇ ಸಲಕ್ಕೆ 3 ಪಾಯಿಂಟ್, ರವೆ ಕಾಳಿನಂಥ ಬಿಳಿ ಚುಕ್ಕೆಗಳಿದ್ರೆ ಇನ್ನೂ 3. ಹಾಗಂತ ಹೊಳೆಯೋದೆಲ್ಲಾ ಕೆಟ್ಟದ್ದಲ್ಲ, ಚುಕ್ಕೆ ಹಿಂದೆ ಉದ್ದ ಬಾಲ ಕಂಡ್ರೆ ಅದು ಸಾಮಾನ್ಯವಾಗಿ ಕೊಲಾಯ್ಡ್, ಅಂದ್ರೆ ಥೈರಾಯ್ಡಲ್ಲಿ ಇರೋ ಅಂಟಿನಂಥ ದ್ರವ, ಅದಕ್ಕೆ ಸೊನ್ನೆ.

ಸೈಜೂ ಮುಖ್ಯ. ಟೈರಾಡ್ಸ್ 5 ಆದ್ರೆ 1 ಸೆಂ.ಮೀ.ಗೇ ಸೂಜಿ ಹಾಕಿ ಟೆಸ್ಟ್ ಮಾಡಿ ಅಂತಾರೆ, 4 ಆದ್ರೆ 1.5ಕ್ಕೆ, 3 ಆದ್ರೆ ಕನಿಷ್ಠ 2.5 ಇರ್ಬೇಕು. ಹಾಗಾಗಿ ದೊಡ್ಡಮ್ಮಂಗೆ ಸೂಜಿ ಬೇಡ, ವರ್ಷ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡ್ಸಿ ಅಂದ್ರು.

ನನಗೆ ಸಿಟ್ಟು ಬರೋದು "ಗಂಟು ಕಂಡುಬಂದಿದೆ" ಅಂತಷ್ಟೇ ಬರೆದು ಕೈತೊಳ್ಕೊಳ್ಳೋ ರಿಪೋರ್ಟ್‌ಗಳ ಮೇಲೆ. ಅಳತೆ, ಟೈರಾಡ್ಸ್ ನಂಬರ್, ಕುತ್ತಿಗೆಯ ಲಿಂಫ್ ಗ್ರಂಥಿ ಹೇಗಿವೆ ಅನ್ನೋದು ಇಲ್ದಿದ್ರೆ ವಾಪಸ್ ಹೋಗಿ ಕೇಳಿ ಬರೆಸ್ಕೊಂಡು ಬನ್ನಿ.