70 ಅಕ್ಷರದ ಮೊದಲ ವರ್ಷನ್

ಚನ್ನರಾಯಪಟ್ಟಣದ ಕಡೆ ಒಂದು ಹಳ್ಳಿಯ ಹಾಲಿನ ಡೈರಿಗೆ ನಾವು ಮಾಡಿದ ಮೊದಲ ವರ್ಷನ್ ಆಪ್ ಅಲ್ವೇ ಅಲ್ಲ, ಬರೀ ಒಂದು ಎಸ್‌ಎಂಎಸ್. ಹಾಲು ಅಳೆದು ಫ್ಯಾಟ್ ನೋಡಿದ ತಕ್ಷಣ ಹಾಲು ಹಾಕಿದವರ ಫೋನಿಗೆ ಮೆಸೇಜ್ ಹೋಗ್ಬೇಕು, ಅಷ್ಟೇ. ಲಾಗಿನ್ನು, ಗ್ರಾಫು ಎಲ್ಲಾ ಬೇಕು ಅಂತ ಟೀಮಲ್ಲಿ ಜೋರಾಗೇ ವಾದ ಆಯ್ತು, ಆದ್ರೆ ಅಲ್ಲಿ ಹಾಲು ಹಾಕೋರು ಹೆಚ್ಚಿನವರು ಹೆಂಗಸರು, ಸುಮಾರು ಜನರ ಹತ್ರ ಕೀಪ್ಯಾಡ್ ಫೋನು, ಕೈ ಒದ್ದೆ, ಒಂದು ಕೈಲಿ ಕ್ಯಾನು, ಅಂಥ ಹೊತ್ತಲ್ಲಿ ಯಾರು ಆಪ್ ಓಪನ್ ಮಾಡ್ತಾರೆ ಹೇಳಿ.

ಕನ್ನಡದಲ್ಲಿ ಕಳ್ಸಿದ್ರೆ ಒಂದು ಎಸ್‌ಎಂಎಸ್‌ಗೆ 70 ಅಕ್ಷರ, ಇಂಗ್ಲಿಷಲ್ಲಾದ್ರೆ 160. ಅದ್ರಲ್ಲೂ ಒತ್ತು, ಗುಣಿತ ಎಲ್ಲಾ ಬೇರೆಬೇರೆ ಲೆಕ್ಕ, "ಬೆಳಿಗ್ಗೆ" ಅನ್ನೋದು ನಮ್ಮ ಕಣ್ಣಿಗೆ ಮೂರಕ್ಷರ, ಫೋನಿಗೆ ಎಂಟು. ಸಾಲದ್ದಕ್ಕೆ ಟೆಂಪ್ಲೇಟನ್ನ ಮೊದ್ಲೇ ಡಿಎಲ್‌ಟಿ ಅನ್ನೋ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಲಿ ರಿಜಿಸ್ಟರ್ ಮಾಡಿಸ್ಬೇಕು, ಆಮೇಲೆ ಒಂದು ಪದ ಬದಲಾಯಿಸಿದ್ರೂ ಮತ್ತೆ ಅಪ್ರೂವಲ್. ಹಂಗಾಗಿ ಪದ ಪದಕ್ಕೂ ಕೂತು ಯೋಚ್ನೆ ಮಾಡಿದ್ವಿ. "ಮಾನ್ಯ ಸದಸ್ಯರೇ" ಹೋಯ್ತು, "ಧನ್ಯವಾದಗಳು" ಹೋಯ್ತು, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಕೂಡ ಹೋಯ್ತು. ಡೈರಿ ಹೆಸರು ಬಿಟ್ರೆ ಉಳಿದದ್ದು ಇಷ್ಟೇ:

"ಬೆಳಿಗ್ಗೆ 6.4ಲೀ ಫ್ಯಾಟ್ 4.1 ರೂ.230 ಈ ಬಟವಾಡೆಗೆ ಒಟ್ಟು ರೂ.2,140"

ಕೆಲವು ಹಳೇ ಫೋನಲ್ಲಿ ಕನ್ನಡ ಬರೀ ಚೌಕ ಚೌಕ ಕಾಣುತ್ತೆ, ಅವರಿಗೆ ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ.

ಶುರುವಾದ ದಿನ ಬೆಳಿಗ್ಗೆ ಡೈರಿ ಮುಂದೇನೇ ನಿಂತಿದ್ದೆ. ಒಬ್ಬ ಅಕ್ಕ ಕ್ಯಾನ್ ಕೆಳಗಿಟ್ಟು, ಸೆರಗಲ್ಲಿ ಕೈ ಒರೆಸ್ಕೊಂಡು ಫೋನ್ ನೋಡಿದ್ರು. ಲೀಟರು, ಫ್ಯಾಟು ಕಡೆ ಗಮನಾನೇ ಇಲ್ಲ, ಸೀದಾ ಕೊನೇ ಒಟ್ಟಿನ ಮೇಲೆ ಬೆರಳಿಟ್ಟು "ಇದು ಇವತ್ತಿನ್ ಗಂಟ ನಂದೇ ದುಡ್ಡಾ ಸಾರ್?" ಅಂದ್ರು. ಹೂಂ ಅಕ್ಕ ಅಂದೆ. "ಹಂಗಾರೆ ಚೀಟಿಗೆ ಆಯ್ತದೆ, ಯಜಮಾನ್ರ ಕೇಳಂಗಿಲ್ಲ" ಅಂತ ಪಕ್ಕದವರನ್ನ ಕರೆದು ತೋರಿಸಿದ್ರು, ಅವರು ಇನ್ನೊಬ್ಬರನ್ನ ಕರೆದ್ರು. ತಿಂಗಳಿಗೆ ಎರಡು ಸಲ ಬಟವಾಡೆ ಆಗೋ ಕಡೆ ಮಧ್ಯದ ದಿನಗಳಲ್ಲಿ ತನ್ನ ದುಡ್ಡು ಎಷ್ಟಿದೆ ಅಂತ ತಾನೇ ನೋಡ್ಕೊಳ್ಳೋದು ಎಷ್ಟು ದೊಡ್ಡ ವಿಷ್ಯ ಅಂತ ಅವರ ಮುಖದಲ್ಲೇ ಗೊತ್ತಾಗ್ತಿತ್ತು, ನಂಗೂ ಸಿಕ್ಕಾಪಟ್ಟೆ ಖುಷಿ.

ಆಮೇಲೆ ಒಂದು ಸಂಜೆ ಮೆಸೇಜ್ ಕಳ್ಸೋ ಎಸ್‌ಎಂಎಸ್ ಗೇಟ್‌ವೇ ಕೈಕೊಡ್ತು. ಹಾಲು ಹಾಕಿದವರು ಮನೆಗೆ ಹೋಗ್ದೆ ಸೆಕ್ರೆಟ್ರಿನ ಸುತ್ಕೊಂಡು ಮೆಸೇಜ್ ಎಲ್ಲಿ ಅಂತ ದಬಾಯಿಸ್ತಿದ್ರಂತೆ, ಅವರು ಗಾಬರಿಯಾಗಿ ನಂಗೆ ಫೋನ್ ಮಾಡಿದ್ರು. ಎದುರಿಗೆ ಸಿಕ್ಕಾಗ ಚೆನ್ನಾಗಿದೆ ಸಾರ್ ಅಂತ ಎಲ್ರೂ ಅಂತಾರೆ, ನಾನು ಆ ಫೋನ್ ಕಾಲನ್ನೇ ಹೆಚ್ಚು ನಂಬ್ತೀನಿ.

ಈಗ ಅವರೆಲ್ಲ ಕೇಳ್ತಿರೋದು, ಫೀಡ್ ಮೂಟೆ ದುಡ್ಡು ಮುರ್ಕೊಂಡ್ಮೇಲೆ ಕೈಗೆ ಎಷ್ಟು ಬರುತ್ತೆ ಅಂತ. ಅದನ್ನ 70ರೊಳಗೆ ಕೂರಿಸ್ಬೇಕಂದ್ರೆ ಏನೋ ಒಂದು ಹೋಗ್ಬೇಕು, ಪ್ರಾಯಶಃ ಫ್ಯಾಟು. ಅಪ್ರೂವಲ್‌ಗೆ ಹಾಕೋ ಮೊದ್ಲು ಡೈರಿ ಹತ್ರ ಹೋಗಿ ಅವರನ್ನೇ ಕೇಳ್ಕೊಂಡು ಬರ್ತೀನಿ.